ನಿವೃತ್ತಿಯ ನಂತರ ಕಾಳಾಂಜಿ ಗಾಳ: ಮಂಜೇಶ್ವರ, ಕುಂಬಳೆ, ಕಾಸರಗೋಡು, ನೀಲೇಶ್ವರ – ಮನೆ ಎಲ್ಲಿ ಮಾಡುವುದು?

ಹೊಳೆ_ಹುಡುಕಾಟ

ಎಲ್ಲರಿಗೂ ನಮಸ್ಕಾರ. ಬರುವ ಮಾರ್ಚ್‌ಗೆ ನಿವೃತ್ತಿ. ಇಬ್ಬರೇ ಇರುವ ಸಂಸಾರ, 10ರಿಂದ 15 ಸೆಂಟ್ಸ್ ಜಾಗ ಸಾಕು. ಕಾಸರಗೋಡು ಜಿಲ್ಲೆಯಲ್ಲೇ ನೆಲೆಸುವುದೆಂದು ತೀರ್ಮಾನವಾಗಿದೆ. ಅಕ್ಕಪಕ್ಕದಲ್ಲಿ ಕನ್ನಡ ಇರಬೇಕು, ಸೀ ಬಾಸ್ ಸಿಗುವ ಹೊಳೆ ಹತ್ತಿರವಿರಬೇಕು, ಇವೆರಡೇ ಮುಖ್ಯ. ಗಾಳ ಹಾಕುವ ಅಭ್ಯಾಸವಿದೆ, ಆದರೆ ಕೆರೆಯಲ್ಲಿ. ಉಬ್ಬರ ಇಳಿತದ ನೀರಿನ ಲೆಕ್ಕಾಚಾರ ಗೊತ್ತಿಲ್ಲ.

ಕೇಳಬೇಕಾದ್ದು ಇಷ್ಟು. ಮಂಜೇಶ್ವರ–ಉಪ್ಪಳ, ಕುಂಬಳೆ–ಶಿರಿಯಾ, ಕಾಸರಗೋಡಿನ ಚಂದ್ರಗಿರಿ, ದಕ್ಷಿಣದ ನೀಲೇಶ್ವರ, ಈ ನಾಲ್ಕರಲ್ಲಿ ವರ್ಷದ ಹೆಚ್ಚು ತಿಂಗಳು ಗಾಳ ಹಾಕಲು ಯಾವುದು ಅನುಕೂಲ? ಹೊಳೆಗೆ ತಾಗಿದ ಜಾಗವನ್ನೇ ಕೊಳ್ಳಬೇಕೇ, ಸ್ವಲ್ಪ ದೂರವಿದ್ದರೂ ಸಾಕೇ? ಎರಡು ಮೂರು ಸಲ ಬಂದು ಹೋಗುವುದರಲ್ಲಿ ಒಂದು ಹೊಳೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಶಿರಿಯಾದಂಡೆ

ನಮಸ್ಕಾರ ಸರ್. ಮೊದಲು ಮೀನಿನ ಹೆಸರು ಸರಿಮಾಡಿಕೊಳ್ಳುವ. ಇಲ್ಲಿ ಸೀ ಬಾಸ್ ಅಂತ ಕೇಳಿದರೆ ಮೀನು ಮಾರುವವರು ಮುಖ ನೋಡಿಯಾರು, ಕಾಳಾಂಜಿ ಅಂತ ಕೇಳಿ. ಆಸ್ಟ್ರೇಲಿಯಾದವರ ಬ್ಯಾರಮುಂಡಿ ಇದೇ. ಅಮೆರಿಕದ ವಿಡಿಯೊಗಳಲ್ಲಿ ಕಾಣುವ ಲಾರ್ಜ್‌ಮೌತ್ ಬಾಸ್ ಬೇರೆ ಕುಟುಂಬದ ಸಿಹಿನೀರಿನ ಮೀನು. ಅಲ್ಲಿನ ನಿವೃತ್ತರು ಫ್ಲೋರಿಡಾದ ಓಕಿಚೋಬಿ, ಅಲಬಾಮಾದ ಗಂಟರ್ಸ್‌ವಿಲ್ ಅಂತ ದೊಡ್ಡ ಸರೋವರದ ಮಗ್ಗುಲಲ್ಲಿ ಮನೆ ಮಾಡ್ತಾರೆ. ಅಲ್ಲಿ ಮೀನಿನ ಓಡಾಟ ನೀರಿನ ಬಿಸಿಯನ್ನು ನೋಡಿಕೊಂಡು ನಡೀತದೆ, ನೀರು 15 ಡಿಗ್ರಿ ದಾಟಿದ ಮೇಲೆ ಅವು ದಡದ ಹತ್ತಿರ ಮೊಟ್ಟೆಗೆ ಬರ್ತವೆ. ನಮ್ಮ ನೀರು ವರ್ಷವಿಡೀ ಬೆಚ್ಚಗೇ ಇರ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಎರಡೇ: ಮಳೆ ಮತ್ತು ಉಬ್ಬರ ಇಳಿತ. ಹಾಗಾಗಿ ಅಲ್ಲಿಯವರ ಹಾಗೆ "ದೊಡ್ಡ ನೀರು ಎಲ್ಲುಂಟು" ಅಂತ ಹುಡುಕಿದರೆ ಪ್ರಯೋಜನ ಇಲ್ಲ, ವರ್ಷದಲ್ಲಿ ಎಷ್ಟು ತಿಂಗಳು ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿ, ತೆರೆದಿರ್ತದೆ ಅಂತ ನೋಡಬೇಕು.

ಕಾರಣ ಹೇಳ್ತೇನೆ. ಕಾಳಾಂಜಿ ಮೊಟ್ಟೆ ಇಡುವುದು ಅಳಿವೆಬಾಗಿಲಿನ ಉಪ್ಪುನೀರಿನಲ್ಲಿ. ಮರಿಗಳು ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ನಡುವೆ, ಹಿನ್ನೀರಿನ ತೋಡುಗಳಲ್ಲಿ ಬೆಳೆದು ಸಿಹಿನೀರಿನವರೆಗೂ ಮೇಲೆ ಹೋಗ್ತವೆ, ದೊಡ್ಡದಾಗಿ ಮತ್ತೆ ಕೆಳಗೆ ಬರ್ತವೆ. ಅಳಿವೆ ಮರಳು ತುಂಬಿ ಮುಚ್ಚಿದರೆ ಈ ಓಡಾಟ ನಿಲ್ತದೆ, ಒಳಗಿನ ನೀರು ಕದಲುವುದಿಲ್ಲ, ಮೀನು ಬಾಯಿ ತೆರೆಯುವುದಿಲ್ಲ. ಚಿಕ್ಕ ಹೊಳೆಗಳಿಗೆ ಈ ಕಷ್ಟ ಹೆಚ್ಚು. ಮಂಜೇಶ್ವರ ಹೊಳೆಯ ಉದ್ದವೇ 16 ಕಿ.ಮೀ., ಬೇಸಗೆಯಲ್ಲಿ ಮರಳನ್ನು ತಳ್ಳುವಷ್ಟು ನೀರು ಅದರಲ್ಲಿ ಬರುವುದಿಲ್ಲ. ಚಂದ್ರಗಿರಿ 105 ಕಿ.ಮೀ., ಜಿಲ್ಲೆಯಲ್ಲೇ ಉದ್ದದ ಹೊಳೆ, ಸುಳ್ಯದ ಕಡೆಯಿಂದ ಪಯಸ್ವಿನಿಯಾಗಿ ಇಳಿದು ಬರುವಂಥದ್ದು. ಶಿರಿಯಾ ಇವೆರಡರ ನಡುವಿನದು, ಕುಂಬಳೆಯ ಹಿನ್ನೀರು ಅದಕ್ಕೆ ಸೇರಿಕೊಂಡೇ ಉಂಟು.

ಮಂಜೇಶ್ವರದಲ್ಲಿ ಇರ್ತೇವೆ ಅಂತಾದರೆ ಬೇಡ ಅನ್ನುವುದಿಲ್ಲ. ಅಲ್ಲಿನ ಮೀನುಗಾರಿಕಾ ಬಂದರಿನ ಪುಲಿಮುಟ್ಟಿನ (ಅಲೆ ತಡೆಯುವ ಕಲ್ಲುಕಟ್ಟೆಯ) ಬದಿಯಲ್ಲಿ ಕಾಳಾಂಜಿಯೂ ವಟ್ಟ ಮೀನೂ ಬರ್ತವೆ. ಆದರೆ ಪಾಚಿ ಹಿಡಿದ ಕಲ್ಲಿನ ಮೇಲೆ ನಿಂತು, ಅಲೆ ನೋಡ್ತಾ ಹಾಕುವ ಗಾಳ ಅದು. 60 ದಾಟಿದ ಮೊಣಕಾಲಿಗೆ ಹೇಳಿಸಿದ್ದಲ್ಲ. ನಿವೃತ್ತರಿಗೆ ಹೊಳೆಯ ದಂಡೆಯೇ ಸರಿ, ಕುಳಿತುಕೊಳ್ಳಲು ಒಂದು ತೆಂಗಿನಮರದ ನೆರಳು ಇರುವಂಥದ್ದು.

ಕನ್ನಡದ ಮಟ್ಟಿಗೆ ಹೇಳುವುದಾದರೆ ಮಂಜೇಶ್ವರದಿಂದ ಕಾಸರಗೋಡು ಪೇಟೆಯವರೆಗೆ ಚಿಂತೆ ಇಲ್ಲ. ಚಂದ್ರಗಿರಿ ಸೇತುವೆ ದಾಟಿ ತೆಂಕಕ್ಕೆ ಹೋದ ಹಾಗೆ ಮಲಯಾಳ ಬೇಕೇ ಬೇಕು. ನನ್ನ ಕೇಳಿದರೆ ಕುಂಬಳೆ–ಶಿರಿಯಾ ಮೊದಲು, ಚಂದ್ರಗಿರಿ ಎರಡನೆಯದು.

ವರ್ಷದ ಲೆಕ್ಕ ಹೀಗೆ. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಹೊಳೆ ಕೆಂಪಾಗಿ, ಮರದ ದಿಮ್ಮಿ ಎಳಕೊಂಡು ಹರೀತದೆ. ದಂಡೆಗೆ ಇಳಿಯುವುದು ಬೇಡ. ಮಳೆ ಇಳಿದು ನೀರು ಚಹಾದ ಬಣ್ಣಕ್ಕೆ ಬರುವಾಗ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್, ಅಳಿವೆಯಿಂದ ಮೇಲಿನ ಎರಡು ಮೂರು ಕಿ.ಮೀ. ಒಳ್ಳೆಯದು. ಜನವರಿಯ ನಂತರ ಉಪ್ಪುನೀರು ಮೇಲೆ ಏರ್ತದೆ, ಮೀನೂ ಅದರ ಜೊತೆ ಏರ್ತದೆ. ಆಗ ತೋಟದವರು ಹೊಳೆಗೆ ಅಡ್ಡ ಕಟ್ಟ ಹಾಕಿರ್ತಾರೆ. ಉಪ್ಪುನೀರು ತಾಗುವ ಕೊನೆಯ ಕಟ್ಟದ ಕೆಳಮಡುವನ್ನು ನೋಡಿಕೊಳ್ಳಿ. ಕಟ್ಟದ ಮೇಲೆ ಕಾಳಾಂಜಿಗೆ ದಾರಿ ಇಲ್ಲ, ಅಲ್ಲಿ ಮಡೆಂಜಿ, ಮುಗುಡು ಮಾತ್ರ.

ಮೊದಲ ಮಳೆಗೆ ಉಬರು ಮೀನು ಹಿಡಿಯುವ ಆಸೆ ಎಲ್ಲರಿಗೂ ಇರ್ತದೆ. ಮೊಟ್ಟೆ ತುಂಬಿ ಗದ್ದೆಗೆ ಹತ್ತುವ ಮೀನು ಅದು. ಕೇರಳದಲ್ಲಿ ಅದನ್ನು ಹಿಡಿಯುವುದು ನಿಷೇಧ. ಬಿಟ್ಟುಬಿಡಿ.

ಮುರಕಲ್ಲು

ಶಿರಿಯಾದಂಡೆಯವರು ನೀರಿನ ವಿಷಯ ಹೇಳಿದ್ದಾರೆ, ನಾನು ನೆಲದ ವಿಷಯ ಹೇಳ್ತೇನೆ. ಹೊಳೆಗೆ ತಾಗಿದ ಜಾಗ ಕೊಳ್ಳಬೇಡಿ ಸರ್. ಖಡಾಖಂಡಿತ ಹೇಳ್ತಿದ್ದೇನೆ. ದಂಡೆಯಿಂದ 1 ಕಿ.ಮೀ. ಹಿಂದೆ, ಏರಿನಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲೆ ಮನೆ ಮಾಡಿ. ಬೈಕಿನಲ್ಲಿ ಐದು ನಿಮಿಷ. ಮೀನು ನಿಮ್ಮ ಅಂಗಳ ನೋಡಿ ಬರುವುದಿಲ್ಲ, ನೀರು ತಿರುಗುವ ಹೊತ್ತು ನೋಡಿ ಬರ್ತದೆ, ಆ ಹೊತ್ತಿಗೆ ನೀವು ಅಲ್ಲಿಗೆ ತಲುಪಿದರಾಯ್ತು.

ಮೊದಲನೆಯ ಕಾರಣ ಬಾವಿ. ಉಬ್ಬರ ಏರುವ ಹೊಳೆಯ ಬದಿಯ ಬಾವಿ ನವೆಂಬರ್‌ನಲ್ಲಿ ಕುಡಿದು ನೋಡಿದರೆ ಎಳನೀರಿನ ಹಾಗೆ ಇರ್ತದೆ. ಏಪ್ರಿಲ್ ಕೊನೆಗೆ ಹೊಳೆಯಲ್ಲಿ ಸಿಹಿನೀರಿನ ಒತ್ತಡ ಕಡಿಮೆಯಾಗಿ, ಬಾವಿಯಿಂದ ಪಂಪ್ ಎಳೆಯುವುದು ಹೆಚ್ಚಾಗಿ, ಉಪ್ಪು ಒಳಗೆ ನುಗ್ತದೆ. ಬ್ರೋಕರ್‌ಗಳು ಜಾಗ ತೋರಿಸಲು ಕರೆಯುವುದು ಯಾವಾಗಲೂ ಮಳೆ ಕಳೆದ ಮೇಲೆ, ಎಲ್ಲ ಹಸಿರಾಗಿರುವಾಗ. ನೀವು ಹೋಗಬೇಕಾದ್ದು ಮೇ ತಿಂಗಳ ಎರಡನೇ ವಾರ. ಒಂದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವಂಥದ್ದು) ತೆಗೆದುಕೊಂಡು ಹೋಗಿ. ಕೊಡ ಇಳಿಸಿ ಮೇಲಿನ ನೀರು ಮಾತ್ರ ತೆಗೆದರೆ ಮೋಸ ಹೋಗ್ತೀರಿ, ಸಿಹಿನೀರು ಹಗುರ, ಮೇಲೆ ತೇಲಿಕೊಂಡಿರ್ತದೆ. ಪಂಪ್ ಹಾಕಿ ಅರ್ಧ ಗಂಟೆ ನೀರು ಹೊರಗೆ ಬಿಟ್ಟು ಆಮೇಲೆ ಅಳೆಯಿರಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ ಟಿಡಿಎಸ್ 500 ಮಿ.ಗ್ರಾಂ., ಕ್ಲೋರೈಡ್ 250 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 2000 ಮತ್ತು 1000ದವರೆಗೆ ಒಪ್ಪಬಹುದು ಅಂತ ಉಂಟು. ಅರ್ಧ ಗಂಟೆಯ ಪಂಪಿಂಗ್‌ನಲ್ಲಿ ಮೀಟರಿನ ಅಂಕೆ ಏರ್ತಾ ಹೋದರೆ ಆ ಬಾವಿಯ ಆಸೆ ಬಿಡಿ. ಬಾವಿಯಲ್ಲಿ ಉಪ್ಪು ಬಂತು ಅಂತ ಅಲ್ಲೇ ಬೋರ್ ಕೊರೆಸಿದರೆ ಕೆಳಗಿನ ಉಪ್ಪನ್ನೇ ಮೇಲಕ್ಕೆ ಕರೆದ ಹಾಗಾಗ್ತದೆ.

ಹೊಳೆಬದಿ ಬೇಡವೇ ಬೇಡ, ಒಳನಾಡಾದರೂ ಆದೀತು ಅಂತಾದರೆ ಬದಿಯಡ್ಕ, ಎಣ್ಮಕಜೆ, ಬಾಯಾರು ಕಡೆ ಗುಡ್ಡಕ್ಕೆ ಕೊರೆದ ಸುರಂಗದ ನೀರು ಸಿಕ್ತದೆ, ಪಂಪೂ ಬೇಡ. ಆದರೆ ಅಲ್ಲಿಂದ ಕಾಳಾಂಜಿ ನೀರಿಗೆ ದಿನಾ ಹೋಗಿ ಬರುವುದು ಕಷ್ಟ.

ಎರಡನೆಯದು ಕಾನೂನು. ಉಬ್ಬರ ಇಳಿತ ತಾಗುವ ಹೊಳೆಯ ಬದಿ ಕರಾವಳಿ ನಿಯಂತ್ರಣ ವಲಯಕ್ಕೆ ಬರ್ತದೆ. 2011ರ ಅಧಿಸೂಚನೆಯಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. 2019ರದ್ದರಲ್ಲಿ 100 ಇದ್ದದ್ದು 50 ಆಯ್ತು. ಕಾಂಡ್ಲಾ ಕಾಡು ಇದ್ದರೆ ಇನ್ನೂ ಬಿಗಿ. "ಇಲ್ಲಿ ಹಳೇ ಮನೆ ಉಂಟಲ್ಲ, ನಿಮಗೂ ಪರ್ಮಿಟ್ ಸಿಕ್ತದೆ" ಅಂತ ಮಾರುವವರು ಹೇಳುವುದನ್ನು ನಂಬಬೇಡಿ. ಹಳೇ ಮನೆ ನಿಯಮಕ್ಕಿಂತ ಮೊದಲಿನದಾಗಿರಬಹುದು. ಸರ್ವೆ ನಂಬರ್ ಹಿಡಿದು ಪಂಚಾಯತಿಗೆ ಹೋಗಿ ಕರಾವಳಿ ವಲಯದ ನಕ್ಷೆಯಲ್ಲಿ ಜಾಗ ಎಲ್ಲಿ ಬೀಳ್ತದೆ ಅಂತ ನೀವೇ ಕಣ್ಣಾರೆ ನೋಡಿ.

ಮೂರನೆಯದು ಗದ್ದೆ. ಹೊಳೆ ಬದಿಯ ತಗ್ಗು ಜಾಗ ಬಹುತೇಕ ಹಿಂದೆ ಗದ್ದೆಯಾಗಿದ್ದದ್ದು. ತೆಂಗು ನಟ್ಟು 30 ವರ್ಷ ಆಗಿದ್ದರೂ ವಿಲೇಜ್ ಆಫೀಸಿನ ಮೂಲ ತೆರಿಗೆ ರಿಜಿಸ್ಟರ್‌ನಲ್ಲಿ "ನಿಲಂ" (ಗದ್ದೆ) ಅಂತ ಬರೆದಿದ್ದರೆ ಅದು ಗದ್ದೆಯೇ. 2008ರ ಗದ್ದೆ ಮತ್ತು ಜೌಗು ಸಂರಕ್ಷಣಾ ಕಾಯ್ದೆ ಪ್ರಕಾರ ಮನೆಗೆ ಅನುಮತಿ ಸುಲಭ ಇಲ್ಲ. ಡಾಟಾ ಬ್ಯಾಂಕ್‌ನಲ್ಲಿ, ಅಂದರೆ ಗದ್ದೆಗಳ ಸರಕಾರಿ ಪಟ್ಟಿಯಲ್ಲಿ, ಸೇರಿದ್ದರೆ ಅದರಿಂದ ತೆಗೆಸಲು ಫಾರ್ಮ್ 5, ಸೇರದೆ ಬರೀ ನಿಲಂ ಅಂತ ಇದ್ದರೆ ಸ್ವಭಾವ ಬದಲಾಯಿಸಲು ಫಾರ್ಮ್ 6, ಕಂದಾಯ ಇಲಾಖೆಯ ಆರ್‌ಡಿಒ ಅಥವಾ ಡೆಪ್ಯುಟಿ ಕಲೆಕ್ಟರ್ ಕಡೆಗೆ. ಇದೆಲ್ಲ ಮಾರುವವರು ಮುಗಿಸಿಕೊಡಲಿ, ಆಮೇಲೆ ಅಡ್ವಾನ್ಸ್. "ಪುರಯಿಡಂ" (ಗದ್ದೆಯಲ್ಲದ ಒಣಜಾಗ) ಅಂತ ಇದ್ದರೆ ತಲೆಬಿಸಿ ಇಲ್ಲ. ಆಧಾರ, ಅದರ ಹಿಂದಿನ ಅಡಿ ಆಧಾರ, ಕುಡಿಕ್ಕಡ (ಋಣಭಾರ) ಸರ್ಟಿಫಿಕೇಟ್, ಕೈವಶ (ಸ್ವಾಧೀನ) ಸರ್ಟಿಫಿಕೇಟ್, ಈ ವರ್ಷದ ತೆರಿಗೆ ರಶೀದಿ ಎಲ್ಲ ಮಲಯಾಳದಲ್ಲಿ ಇರ್ತವೆ. ಆಧಾರ ಅಂದರೆ ಇಲ್ಲಿ ಕ್ರಯಪತ್ರ, ನಿಮ್ಮ ಆಧಾರ್ ಕಾರ್ಡ್ ಅಲ್ಲ. ಓದಿ ಹೇಳಲು ನಿಮ್ಮದೇ ವಕೀಲರು ಬೇಕು, ಬ್ರೋಕರ್ ಗೊತ್ತುಮಾಡಿದವರು ಬೇಡ.

ನೆರೆಯ ಗುರುತು ಕೇಳಲು ಮರೆಯಬೇಡಿ. 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಮಾರುವವರ ಹತ್ತಿರ ಅಲ್ಲ, ಪಕ್ಕದ ಮನೆಯ ಹೆಂಗಸರ ಹತ್ತಿರ ಕೇಳಿ. ಯಾವ ಮೆಟ್ಟಿಲು ಅಂತ ಬೆರಳು ಇಟ್ಟು ತೋರಿಸ್ತಾರೆ.

ತೇಜಸ್ವಿನಿ_ತೀರ

ಶಿರಿಯಾದಂಡೆಯವರು ನೀಲೇಶ್ವರವನ್ನು ಒಂದು ಮಾತಿನಲ್ಲಿ ದಾಟಿಸಿಬಿಟ್ಟರು, ಅದು ನ್ಯಾಯ ಅಲ್ಲ. ಬರೀ ಗಾಳ ನೋಡುವುದಾದರೆ ಜಿಲ್ಲೆಯಲ್ಲಿ ಇದಕ್ಕೆ ಸಮ ಇಲ್ಲ. ತೇಜಸ್ವಿನಿ, ನೀಲೇಶ್ವರ ಹೊಳೆ, ಕವ್ವಾಯಿ ಹಿನ್ನೀರು ಎಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ವಲಿಯಪರಂಬ ದ್ವೀಪ ಸುಮಾರು 24 ಕಿ.ಮೀ. ಉದ್ದ ಸಮುದ್ರಕ್ಕೆ ಗೋಡೆಯ ಹಾಗೆ ನಿಂತಿದೆ, ಅದರ ಒಳಗಿನ ನೀರಿನಲ್ಲಿ ಗಾಳಿ ಬಂದರೂ ದೊಡ್ಡ ಅಲೆ ಏಳುವುದಿಲ್ಲ. ಚಿಕ್ಕ ದೋಣಿ ಇಟ್ಟುಕೊಳ್ಳುವ ವಿಚಾರ ಇದ್ದರೆ ಇಲ್ಲೇ. ಕನ್ನಡ ಕಡಿಮೆ ಅನ್ನುವುದು ಒಪ್ಪಿದೆ. ಮಂಗಳೂರು ಇಲ್ಲಿಂದ 85 ಕಿ.ಮೀ. ಆಸುಪಾಸು, ಅದನ್ನೂ ಒಪ್ಪಿದೆ.

ಕಾಳಾಂಜಿಯನ್ನು ಪಂಜರದಲ್ಲಿ ಸಾಕುವವರು ಈ ಹಿನ್ನೀರಿನಲ್ಲಿ ಇದ್ದಾರೆ. ಪಂಜರದಿಂದ ಉದುರುವ ತಿನಿಸಿಗೆ ಸಣ್ಣ ಮೀನು ಸೇರ್ತವೆ, ಅವುಗಳ ಹಿಂದೆ ಹೊರಗಿನ ಕಾಳಾಂಜಿ. ಆದರೆ ಪಂಜರದ ಹಗ್ಗಕ್ಕೆ ನಿಮ್ಮ ಗಾಳ ಸಿಕ್ಕಿ, ಬಿಡಿಸಲು ಎಳೆದಾಗ ಬಲೆ ಹರಿದರೆ ಅವರ ಒಂದು ವರ್ಷದ ದುಡಿಮೆ ಹೊಳೆಪಾಲು. 30 ಮೀಟರ್ ದೂರ ಇರಲಿ, ಮೊದಲು ಮಾತಾಡಿಸಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಎರಡು ಮೂರು ಭೇಟಿಯಲ್ಲಿ ಹೊಳೆಯನ್ನು ಅರಿಯುವುದು. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮಾರನೇ ದಿನಕ್ಕೆ ಬನ್ನಿ, ಆಗ ನೀರು ತುಂಬ ಇಳೀತದೆ. ಪೂರ್ತಿ ಇಳಿದ ಹೊತ್ತಿಗೆ ದಂಡೆಯುದ್ದ ನಡೆಯಿರಿ, ಫೋನಿನಲ್ಲಿ ಫೋಟೊ ತೆಗೆಯಿರಿ. ಉಬ್ಬರದಲ್ಲಿ ಮುಚ್ಚಿಹೋಗುವ ಎಲ್ಲವೂ ಆಗ ಕಾಣ್ತದೆ: ಬಂಡೆ, ಮುರಿದ ದೋಣಿ, ಹಳೇ ದೋಣಿ ಕಡವಿನ ಮೆಟ್ಟಿಲು, ಕಾಂಡ್ಲಾ ಬೇರಿನಡಿಯ ಪೊಟರೆ, ಸಣ್ಣ ತೋಡು ಹೊಳೆಗೆ ಸೇರುವಲ್ಲಿನ ಗುಂಡಿ. ಸೇತುವೆ ಕಂಬದ ಬುಡದಲ್ಲಿ ನೀರು ಸುತ್ತಿ ಸುತ್ತಿ ಮರಳು ಕೊರೆದಿರ್ತದೆ, ಕಂಬದ ಮೇಲೆ ಚಿಪ್ಪು ಎಷ್ಟು ಎತ್ತರದವರೆಗೆ ಹತ್ತಿದೆಯೋ ಅಷ್ಟರವರೆಗೆ ಉಪ್ಪುನೀರು ನಿತ್ಯ ಬರ್ತದೆ ಅಂತ ಅರ್ಥ. ಒಂದು ಕಿ.ಮೀ. ನಡಿಗೆಯಲ್ಲಿ ಇಂಥ ಅಡಗುತಾಣ ಐದಾರು ಸಿಕ್ಕರೆ ಆ ಹೊಳೆ ಸಾಕು. ಎರಡೂ ದಡಕ್ಕೆ ಕಾಂಕ್ರೀಟ್ ಗೋಡೆ ಕಟ್ಟಿ, ತಳ ಬರೀ ಮರಳಾಗಿದ್ದರೆ ಕಾಣೆ ಮೀನು ಸಿಕ್ಕೀತು, ಕಾಳಾಂಜಿ ನಿಲ್ಲುವುದಿಲ್ಲ. ಅದು ಬೆನ್ನಟ್ಟಿ ತಿನ್ನುವ ಮೀನಲ್ಲ, ಮರೆಯಲ್ಲಿ ಹೊಂಚು ಹಾಕಿ ನುಂಗುವ ಮೀನು. ಮರಳು ತೆಗೆದ ಹೊಂಡಗಳ ಬಗ್ಗೆ ಜಾಗ್ರತೆ, ಮೊಣಕಾಲು ನೀರಿನಿಂದ ಒಂದು ಹೆಜ್ಜೆಗೆ ಆಳಕ್ಕೆ ಬೀಳ್ತೀರಿ. ಇಳಿಯದೆ ದಂಡೆಯಿಂದಲೇ ನೋಡಿ.

ಎರಡನೇ ಕೆಲಸ ಹೊತ್ತಿನ ಲೆಕ್ಕ. ಮಂಗಳೂರಿನ ಉಬ್ಬರ ಇಳಿತದ ಪಟ್ಟಿ ಫೋನಿನಲ್ಲಿ ಸಿಕ್ತದೆ, ಆದರೆ ಅದು ಸಮುದ್ರಬದಿಯ ಸಮಯ. ಹೊಳೆಯೊಳಗೆ 5 ಕಿ.ಮೀ. ಮೇಲೆ ನೀರು ತಡವಾಗಿ ತಿರುಗ್ತದೆ. ಎಷ್ಟು ತಡ ಅನ್ನುವುದು ಒಂದೊಂದು ಜಾಗಕ್ಕೆ ಒಂದೊಂದು. ಕಡವಿನ ಮೆಟ್ಟಿಲಿನ ಮೇಲೆ ಸೀಮೆಸುಣ್ಣದಲ್ಲಿ ನೀರಿನ ಅಂಚಿಗೆ ಗೀರು ಎಳೆಯಿರಿ, 15 ನಿಮಿಷಕ್ಕೊಂದು, ಪಕ್ಕದಲ್ಲಿ ಸಮಯ ಬರೆಯಿರಿ. ಇಳೀತಾ ಬಂದ ನೀರು ನಿಂತು ಮತ್ತೆ ಕೊನೆಯ ಗೀರು ಮುಟ್ಟಿದ ಹೊತ್ತಿನಿಂದ ಪಟ್ಟಿಯ ಇಳಿತದ ಹೊತ್ತನ್ನು ಕಳೆಯಿರಿ. ಆ ವ್ಯತ್ಯಾಸವೇ ನಿಮ್ಮ ಜಾಗದ ಲೆಕ್ಕ. ಇನ್ನೊಂದು ಭೇಟಿಯಲ್ಲಿ ಅಷ್ಟಮಿಯ ಸುಮಾರಿಗೆ ಮತ್ತೊಮ್ಮೆ ಮಾಡಿ, ಸ್ವಲ್ಪ ಹೆಚ್ಚುಕಮ್ಮಿ ಬಂದೀತು. ಒಮ್ಮೆ ಸಿಕ್ಕರೆ ಮತ್ತೆ ಗೋಡೆಯ ಪಂಚಾಂಗ ಸಾಕು, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ.

ಗಾಳಕ್ಕೆ ಒಳ್ಳೆಯದು ಇಳಿತದ ಕೊನೆಯ ಒಂದೂವರೆ ಗಂಟೆ, ಉಬ್ಬರದ ಮೊದಲ ಒಂದು ಗಂಟೆ. ಇಳಿಯುವ ನೀರು ಕಾಂಡ್ಲಾ ಒಳಗಿನ ಸಿಗಡಿ, ಮರಿಮೀನುಗಳನ್ನು ತೋಡಿನ ಬಾಯಿಗೆ ತಂದು ಹಾಕ್ತದೆ, ಕಾಳಾಂಜಿ ಅಲ್ಲಿ ಹರಿವಿಗೆ ಮುಖ ಮಾಡಿ ನಿಂತಿರ್ತದೆ. ಈ ಹೊತ್ತು ಮುಂಜಾನೆಗೋ ಮುಸ್ಸಂಜೆಗೋ ಕೂಡಿಬರುವ ದಿನಗಳನ್ನು ತಿಂಗಳ ಮೊದಲೇ ಗುರುತು ಹಾಕಿಡಿ. ನಿವೃತ್ತರಿಗೆ ಇರುವ ದೊಡ್ಡ ಲಾಭ ಅದೇ, ಭಾನುವಾರಕ್ಕೆ ಕಾಯಬೇಕಾಗಿಲ್ಲ.

ಹೊಳೆ_ಹುಡುಕಾಟ

ಇಷ್ಟು ವಿವರ ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ತುಂಬಾ ಉಪಕಾರ. ಹೊಳೆಗೆ ತಾಗಿದ ಜಾಗದ ಯೋಚನೆ ಇವತ್ತಿಗೆ ಬಿಟ್ಟೆ. ಇನ್ನೆರಡು ಕೇಳಲೇ? ಕೈಯಲ್ಲಿರುವುದು ಆರು ಅಡಿಯ ಹಗುರ ರಾಡ್, 2500 ಗಾತ್ರದ ರೀಲ್, 8 ಪೌಂಡಿನ ನೈಲಾನ್ ದಾರ. ಇದರಲ್ಲಿ ಸುಧಾರಿಸಬಹುದೇ? ಎರಡನೆಯದು, ಸಕ್ಕರೆ ಕಾಯಿಲೆ ಇದೆ, ರಕ್ತ ತೆಳುವಾಗಿಸುವ ಮಾತ್ರೆಯೂ ಇದೆ. ಉಪ್ಪುನೀರಿನ ಗಾಳದಲ್ಲಿ ನೋಡಿಕೊಳ್ಳಬೇಕಾದ್ದು ಏನಾದರೂ ಉಂಟೇ?

ಕಾಂಡ್ಲಾ_ತೋಡು

ಎರಡನೆಯದಕ್ಕೆ ಮೊದಲು ಉತ್ತರ ಹೇಳ್ತೇನೆ, ಅದು ಮುಖ್ಯ. ಕಾಳಾಂಜಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಮೀನು ಕೊಡವಿದಾಗ ಬೆರಳು ಅಲ್ಲಿದ್ದರೆ ಆಳಕ್ಕೆ ಕೊಯ್ತದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯ ಇರ್ತದೆ, ಸಕ್ಕರೆ ಕಾಯಿಲೆ, ಯಕೃತ್ತಿನ ಕಾಯಿಲೆ ಇದ್ದವರಿಗೆ ಅಂಥ ಗಾಯ ಗಂಟೆಗಳಲ್ಲಿ ಕೆಡಬಹುದು. ಹಾಗಾಗಿ ಕಿವಿರಿಗೆ ಬೆರಳು ಹಾಕಿ ಎತ್ತುವುದು ನಿಮಗೆ ಬೇಡವೇ ಬೇಡ. ರಬ್ಬರ್ ಲೇಪದ ಬುಟ್ಟಿಬಲೆ, ಕೆಳದವಡೆ ಹಿಡಿಯುವ ಇಕ್ಕಳ, ಉದ್ದ ಮೂತಿಯ ಪ್ಲಯರ್, ಕೈಗವಸು, ನಾಲ್ಕೂ ಚೀಲದಲ್ಲಿರಲಿ. ಗಾಯ ಆದರೆ ಕುಡಿಯುವ ನೀರಿನಲ್ಲಿ ಸಾಬೂನು ಹಾಕಿ ಐದು ನಿಮಿಷ ತೊಳೆದು ನೇರ ಡಾಕ್ಟರ ಹತ್ತಿರ. ಕೆಂಪು ಹರಡುವುದು, ಗುಳ್ಳೆ, ಜ್ವರ ಅಂತ ಕಾಯಬೇಡಿ. ಉಪ್ಪುನೀರಿನ ಗಾಯ ಅಂತಲೂ, ನೀವು ತೆಗೆದುಕೊಳ್ಳುವ ಮಾತ್ರೆಯ ಹೆಸರನ್ನೂ ಬಾಯಿಬಿಟ್ಟು ಹೇಳಬೇಕು. ಕಾಲಿನಲ್ಲಿ ಒಡಕು, ಹುಣ್ಣು ಇದ್ದ ದಿನ ನೀರಿಗೆ ಇಳಿಯಬೇಡಿ. ಮಳೆಗಾಲದಲ್ಲಿ ಇಲಿಜ್ವರದ ಭಯವೂ ಉಂಟು.

ಕೊಕ್ಕೆಯ ಮುಳ್ಳನ್ನು ಪ್ಲಯರಿನಿಂದ ಒತ್ತಿ ಚಪ್ಪಟೆ ಮಾಡಿಬಿಡಿ. ಚರ್ಮಕ್ಕೆ ಚುಚ್ಚಿಕೊಂಡರೆ ಬಂದ ದಾರಿಯಲ್ಲೇ ಹೊರಗೆ ಬರ್ತದೆ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪುವುದೂ ಇಲ್ಲ. ಕೆಸರಿನಲ್ಲಿ ನಡೆಯುವಾಗ ಕಾಲೆತ್ತಿ ಇಡಬೇಡಿ, ಉಜ್ಜಿಕೊಂಡು ಹೋಗಿ. ತೊರಕೆ (ಬಾಲದಲ್ಲಿ ವಿಷಮುಳ್ಳಿರುವ ಚಪ್ಪಟೆ ಮೀನು) ಮಲಗಿದ್ದರೆ ಸದ್ದಿಗೆ ಎದ್ದು ಹೋಗ್ತದೆ. ಚುಚ್ಚಿದರೆ ತಡೆಯಬಹುದಾದಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ, ಕಾಲಿಟ್ಟರೆ ನೋವು ಇಳೀತದೆ. ಸಕ್ಕರೆಯಿಂದ ಕಾಲಿನ ಸ್ಪರ್ಶ ಕಡಿಮೆ ಆಗಿದ್ದರೆ ಬಿಸಿ ಎಷ್ಟು ಅಂತ ಬೇರೆಯವರ ಕೈಯಲ್ಲಿ ನೋಡಿಸಿ, ಆಸ್ಪತ್ರೆಗೆ ಹೇಗೂ ಹೋಗಬೇಕು.

ಈಗ ಸಾಮಾನು. ನಿಮ್ಮ ರಾಡ್ ಕಾಣೆಗೆ ಇರಲಿ, ಕಾಳಾಂಜಿಗೆ ಆಗುವುದಿಲ್ಲ. ಈ ಮೀನು ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುತ್ತದೆ, ಮೊದಲ ಎರಡು ಮೀಟರ್ ತಡೆಯಲಾಗದಿದ್ದರೆ ಮುಗಿಯಿತು. ಏಳು ಅಡಿಯ ಮೀಡಿಯಂ ಹೆವಿ ರಾಡ್, 4000 ಗಾತ್ರದ ರೀಲ್, 30 ಪೌಂಡಿನ ಬ್ರೇಡ್ (ಹೆಣೆದ ದಾರ) 150 ಮೀಟರ್. ಬ್ರೇಡಿನ ತುದಿಗೆ 40ರಿಂದ 50 ಪೌಂಡಿನ ಲೀಡರ್ (ಕೊಕ್ಕೆಯ ಬದಿಯ ದಪ್ಪ ದಾರ), ಮುಕ್ಕಾಲು ಮೀಟರ್. ಹಲ್ಲಿನಿಂದ ಕಡಿಯುವ ಮೀನಲ್ಲ ಇದು, ಉಕ್ಕಿನ ತಂತಿ ಬೇಡ. ಲೀಡರ್ ಸವೆಯುವುದು ಒರಟು ಬಾಯಿಯಿಂದ, ಕಿವಿರಿನ ಅಂಚಿನಿಂದ, ಕಂಬದ ಚಿಪ್ಪಿನಿಂದ. ಒಂದು ಮೀನು ಬಂದ ಮೇಲೆ ಉಗುರು ಎಳೆದು ನೋಡಿ, ಒರಟಾಗಿದ್ದರೆ ಅಷ್ಟು ಉದ್ದ ಕತ್ತರಿಸಿ ಹೊಸದಾಗಿ ಗಂಟು ಹಾಕಿ. ಉದಾಸೀನ ಮಾಡಿದರೆ ಅದರ ಮುಂದಿನ ಮೀನು ತಪ್ಪುವುದು ಅಲ್ಲೇ.

ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ರೀಲಿನ ತಡೆ, ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಊಹೆಯಲ್ಲಿ ಬಿಡಬೇಡಿ. ತರಕಾರಿ ತೂಗುವ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ, ರಾಡ್ ಬಗ್ಗಿಸಿ ಎಳೆಯಿರಿ. 4 ಕೆ.ಜಿ. ತೋರಿಸುವಾಗ ದಾರ ಬಿಡಲು ಶುರುವಾಗಬೇಕು. 30 ಪೌಂಡ್ ಅಂದರೆ 13 ಕೆ.ಜಿ. ಮೇಲಾಯ್ತು, ಅದರ ಮೂರನೇ ಒಂದು ಭಾಗದ ಒಳಗೇ ಇರ್ತದೆ. ಮೀನು ನೀರಿನಿಂದ ಮೇಲೆ ನೆಗೆದು ತಲೆ ಕೊಡವುವಾಗ ರಾಡಿನ ತುದಿಯನ್ನು ನೀರಿಗೆ ಇಳಿಸಿ, ದಾರದ ಬಿಗಿ ಬಿಡಬೇಡಿ. ಹೆಚ್ಚಿನವರು ಅಲ್ಲಿ ಗಾಬರಿಯಾಗಿ ರಾಡ್ ಮೇಲೆತ್ತುತ್ತಾರೆ, ಕೊಕ್ಕೆ ಸಿಡಿದು ಬರ್ತದೆ.

ಎರೆಗೆ ಜೀವ ಇರುವ ಸಿಗಡಿಯನ್ನು ಮೀರಿಸುವುದು ಇಲ್ಲ. 5/0 ಗಾತ್ರದ ಸರ್ಕಲ್ ಕೊಕ್ಕೆಯನ್ನು (ತುದಿ ಒಳಕ್ಕೆ ಬಾಗಿದ್ದು) ತಲೆಯ ಕೊಂಬಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಚುಕ್ಕೆ ತಪ್ಪಿಸಿ ಚುಚ್ಚಿ, ಅದು ಒಳಗಿನ ಮುಖ್ಯ ಅಂಗಗಳ ಜಾಗ, ತಾಗಿದರೆ ಸಿಗಡಿ ಸಾಯ್ತದೆ. ಸರ್ಕಲ್ ಕೊಕ್ಕೆಗೆ ಜಗ್ಗಬಾರದು, ಮೀನು ತಿರುಗಿ ಹೊರಟಾಗ ಸುಮ್ಮನೆ ರೀಲ್ ಸುತ್ತಿ, ಬಾಯಿಯ ಮೂಲೆಗೆ ತಾನೇ ಕೂರ್ತದೆ. ಕೃತಕ ಎರೆಯಾದರೆ 10 ಸೆಂ.ಮೀ. ಮಿನೋ (ಮರಿಮೀನಿನ ಆಕಾರದ ಗಟ್ಟಿ ಎರೆ) ಅಥವಾ ನಾಲ್ಕಿಂಚಿನ ರಬ್ಬರ್ ಮೀನು 10ರಿಂದ 14 ಗ್ರಾಂ ಜಿಗ್‌ಹೆಡ್ಡಿನಲ್ಲಿ (ತಲೆಗೆ ತೂಕ ಇರುವ ಕೊಕ್ಕೆಯಲ್ಲಿ). ಅಂಗಡಿಯಿಂದ ತಂದ ಮಿನೋದ ತ್ರಿಶೂಲ ಕೊಕ್ಕೆಗಳು ತೆಳು, ದೊಡ್ಡ ಮೀನು ನೆಟ್ಟಗೆ ಮಾಡಿಬಿಡ್ತದೆ, ಗಟ್ಟಿಯದಕ್ಕೆ ಬದಲಾಯಿಸಿ. ಹರಿವಿನ ಮೇಲಕ್ಕೆ ಎಸೆದು, ನೀರಿನ ಜೊತೆಯೇ ಕಂಬದ ಪಕ್ಕಕ್ಕೆ ತೇಲಿ ಬರುವ ಹಾಗೆ ತನ್ನಿ. ಹರಿವಿಗೆ ಎದುರಾಗಿ ಈಜುವ ಮರಿಯನ್ನು ಕಾಳಾಂಜಿ ನಂಬುವುದಿಲ್ಲ.

ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡಿ, ರೀಲಿಗೆ ಸಿಹಿನೀರು ಚಿಮುಕಿಸಿ ತೊಳೆಯಿರಿ. ಪೈಪಿನ ಜೋರು ನೀರು ಬೇಡ, ಉಪ್ಪನ್ನು ಬೇರಿಂಗಿನ ಒಳಗೆ ತಳ್ತದೆ. ಒರೆಸಿ, ಡ್ರ್ಯಾಗ್ ಪೂರ್ತಿ ಸಡಿಲಿಸಿ ನೆರಳಿನಲ್ಲಿಡಿ. ಬಿಗಿಯಲ್ಲೇ ಇಟ್ಟರೆ ಒಳಗಿನ ವಾಷರ್ ಒತ್ತಿಹೋಗಿ ಮುಂದಿನ ಸಲ ದಾರ ತಡೆತಡೆದು ಬಿಡ್ತದೆ.

ಒಂದು ಕೋರಿಕೆ. ಕಾಳಾಂಜಿ ಮೊದಲು ಗಂಡಾಗಿ ಬೆಳೆದು, ಆರೆಂಟು ವರ್ಷಕ್ಕೆ ಹೆಣ್ಣಾಗ್ತದೆ. ಸುಮಾರು 80 ಸೆಂ.ಮೀ. ದಾಟಿದವು ಹೆಚ್ಚಾಗಿ ಹೆಣ್ಣು, ಹೊಳೆಯ ಮುಂದಿನ ಸಂತಾನ ಎಲ್ಲ ಅವುಗಳ ಹೊಟ್ಟೆಯಲ್ಲಿ. ಅವನ್ನು ಬಿಡಿ. ಸಾರಿಗೆ ಎರಡು ಕೆ.ಜಿ.ಯದ್ದೇ ರುಚಿ. ಬಿಡುವಾಗ ದವಡೆಯಲ್ಲಿ ನೇತುಹಾಕಿ ಫೋಟೊ ತೆಗೆಯಬೇಡಿ, ಹೊಟ್ಟೆಗೆ ಕೈಕೊಟ್ಟು ಅಡ್ಡವಾಗಿ ಹಿಡಿಯಿರಿ, ಹರಿವಿಗೆ ಮುಖ ಮಾಡಿ ನೀರಿನಲ್ಲಿ ಹಿಡಿದುಕೊಳ್ಳಿ, ತಾನಾಗಿ ಬಾಲ ಬೀಸಿ ಹೋಗುವವರೆಗೆ.

ತಲಪಾಡಿ_ಬಸ್ಸು

ಆಸ್ಪತ್ರೆಯ ವಿಷಯ ಯಾರೂ ಬಿಡಿಸಿ ಹೇಳಿಲ್ಲ. ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಂಗಳೂರನ್ನೇ ನಂಬಿದವರು. ಹೆದ್ದಾರಿ 66ರಲ್ಲಿ ಮಂಜೇಶ್ವರದಿಂದ ಅರ್ಧ ಮುಕ್ಕಾಲು ಗಂಟೆ, ಕುಂಬಳೆ ಸುಮಾರು 40 ಕಿ.ಮೀ., ಕಾಸರಗೋಡು 50. ಆದರೆ ನಡುವೆ ರಾಜ್ಯದ ಗಡಿ ಉಂಟು ಅನ್ನುವುದು ನೆನಪಿರಲಿ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಂಬುಲೆನ್ಸ್‌ಗಳೂ ಆಚೆ ದಾಟಲಾಗದೆ ನಿಂತಿದ್ದವು. ಅದಕ್ಕೇ ದಿನನಿತ್ಯದ ಸಕ್ಕರೆ, ಬಿ.ಪಿ. ತಪಾಸಣೆಗೆ ಗಡಿಯ ಈಚೆಗೂ ಒಬ್ಬ ಡಾಕ್ಟರನ್ನು ಗೊತ್ತುಮಾಡಿಕೊಳ್ಳಿ, ಫೈಲಿನ ಒಂದು ಪ್ರತಿ ಅವರ ಹತ್ತಿರವೂ ಇರಲಿ.

ರೈಲಿಗೆ ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ನಿಲ್ಲುವುದು ಹೆಚ್ಚಾಗಿ ಲೋಕಲ್ ಗಾಡಿಗಳು, ಎಕ್ಸ್‌ಪ್ರೆಸ್ ಬೇಕಾದರೆ ಕಾಸರಗೋಡು. ಕರ್ನಾಟಕ ನಂಬರಿನ ಕಾರು 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳುವುದಾದರೆ ಕೇರಳದ ನೋಂದಣಿ ಮಾಡಿಸಬೇಕು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಹೊರಡುವ ಮೊದಲೇ ತೆಗೆಸಿಕೊಳ್ಳಿ.

ಹೊಳೆ_ಹುಡುಕಾಟ

ಹಾಗಾದರೆ ಮೊದಲು ಕುಂಬಳೆ ಕಡೆ ಬಾಡಿಗೆಗೆ ಬರುವುದೆಂದು ಇಬ್ಬರೂ ಮಾತಾಡಿಕೊಂಡೆವು. 11 ತಿಂಗಳ ಕರಾರು. ಯಾವ ತಿಂಗಳಿನಿಂದ ಹಿಡಿಯುವುದು ಒಳ್ಳೆಯದು? ಮಳೆ ಕಳೆದು ಸೆಪ್ಟೆಂಬರ್‌ನಲ್ಲಿ ಬರೋಣವೆಂದು ಮನಸ್ಸಿದೆ.

ಶಿರಿಯಾದಂಡೆ

ಸೆಪ್ಟೆಂಬರ್ ಬೇಡ ಸರ್, ಏಪ್ರಿಲ್ ಮಧ್ಯಕ್ಕೆ ಬನ್ನಿ, ವಿಷು ಆದ ಮಾರನೇ ದಿನ. ಸೆಪ್ಟೆಂಬರ್‌ನಲ್ಲಿ ಬಂದರೆ ಎಲ್ಲವೂ ಚೆಂದ ಕಾಣ್ತದೆ, ಅದೇ ಗುಂಗಿನಲ್ಲಿ ಡಿಸೆಂಬರ್‌ಗೆ ಜಾಗಕ್ಕೆ ಅಡ್ವಾನ್ಸ್ ಕೊಟ್ಟುಬಿಡ್ತೀರಿ. ಏಪ್ರಿಲ್‌ನಲ್ಲಿ ಬಂದರೆ ಮೊದಲ ತಿಂಗಳೇ ಸೆಕೆ, ಬಾವಿಯ ತಳ, ಅಳಿವೆ ತೆರೆದಿದೆಯೋ ಮುಚ್ಚಿದೆಯೋ ಎಲ್ಲ ನೋಡಿ ಆಗ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಈ ಜಿಲ್ಲೆಗೆ ವರ್ಷಕ್ಕೆ 3500 ಮಿ.ಮೀ. ಹತ್ತಿರ ಸುರಿಯುವುದರಲ್ಲಿ ಹೆಚ್ಚಿನ ಪಾಲು ಆ ನಾಲ್ಕು ತಿಂಗಳದ್ದೇ. ಯಾವ ರಸ್ತೆ ಮುಳುಗ್ತದೆ, ಕರೆಂಟು ಎಷ್ಟು ಹೊತ್ತು ಹೋಗ್ತದೆ, ಗೋಡೆ ಎಲ್ಲಿ ಬೂಸಲು ಹಿಡೀತದೆ, ಮನೆಯಲ್ಲಿ ಅಮ್ಮನವರಿಗೆ ಆ ಮಳೆಯ ಸದ್ದು, ಒದ್ದೆ ಬಟ್ಟೆ ಒಗ್ಗುತ್ತದೋ ಇಲ್ಲವೋ ಎಲ್ಲ ಗೊತ್ತಾಗ್ತದೆ. ಆಮೇಲೆ ಗಾಳದ ಕಾಲ. ಫೆಬ್ರವರಿವರೆಗೆ ಬೇಕಾದಷ್ಟು ಹಾಕಿ. ಮಾರ್ಚ್‌ನಲ್ಲಿ ಕರಾರು ಮುಗಿಯುವಾಗ ನೋಡಿದ ಜಾಗಗಳಲ್ಲಿ ಎರಡೋ ಮೂರೋ ಉಳಿದಿರ್ತವೆ. ಬಾಡಿಗೆ ಇನ್ನೆರಡು ತಿಂಗಳು ಮುಂದುವರಿಸಿ, ಮೇ ಎರಡನೇ ವಾರ ಆ ಜಾಗಗಳ ಬಾವಿಗೆ ಮುರಕಲ್ಲಿನವರು ಹೇಳಿದ ಮೀಟರ್ ಹಿಡಿದುಕೊಂಡು ಹೋಗಿ.

ಬರುವಾಗ ಸೀಮೆಸುಣ್ಣದ ಒಂದು ಪೆಟ್ಟಿಗೆ ತನ್ನಿ. ಶಿರಿಯಾದ ಕಡವಿನ ಮೆಟ್ಟಿಲು ಮುರಕಲ್ಲಿನದ್ದು, ಗೀರು ಚೆನ್ನಾಗಿ ಕಾಣ್ತದೆ.